ಐನೂರ ತೊಂಬತ್ತು ಕೂಡಿಸಿ

ಸುಂದರಬಾಯಿಯ ಬಗ್ಗೆ ಬರೆಯಬೇಕೆಂದು ಕೂತರೆ ನನ್ನ ಬಾಯಿಂದ ಮೊದಲು ಬರುವುದು ‘ಥೂ’. ಆಕೆಗಲ್ಲ, ಆಕೆಯ ಸುತ್ತ ಇದ್ದ ನಮಗೆ. ವಯಸ್ಸಾದವರು ಶಾಲೆಯ ದಿನ ನೆನೆದು ಕಣ್ಣು ಒರೆಸಿಕೊಳ್ಳುತ್ತಾರಂತೆ. ನನಗೆ ಹಾಗೇನೂ ಆಗುವುದಿಲ್ಲ.

ಆಕೆ ಭಾಲ್ಕಿ ತಾಲೂಕಿನ ಸಾಯಗಾಂವದವಳು. ಅಪ್ಪ ಧೊಂಡಿಬಾ ಕುರಿ ಕಾಯುವವ, ಜೊತೆಗೆ ಒಂದಿಷ್ಟು ತೊಗರಿ ಹೊಲ. ಅವನ ತೊಗರಿ ಬೀದರಿನ ಗಂಜಿಗೆ, ಅಂದರೆ ಧಾನ್ಯದ ಪೇಟೆಗೆ, ಬಂದರೆ ಇಳಿಯುತ್ತಿದ್ದುದು ನಮ್ಮಪ್ಪ ವೈಜಿನಾಥನ ಅಡತಿ ಅಂಗಡಿಯ ಮುಂದೆ. ನಿಜಾಮರನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆಯಾದ ಮರುವರ್ಷ ಆತ ಚೀಲಗಳ ಜೊತೆ ಮಗಳನ್ನೂ ಬಂಡಿಯಲ್ಲಿ ಕೂರಿಸಿಕೊಂಡು ಬಂದ.

“ಸಾವಕಾರ್ರ, ಈ ಹುಡುಗಿ ಓದ್ತೇನಿ ಅಂತ ಜೀವ ತಿನ್ಲತ್ತದ. ನಿಮ್ಮ ಮನ್ಯಾಗ ಒಂದು ಮೂಲಿ ಕೊಡ್ರಿ. ನಿಮ್ಮ ಹೀರಾನ ಸಂಗಾಟ ಸಾಲಿಗಿ ಹೋಗ್ತದ” ಎಂದ. ಹೀರಾ ಅಂದರೆ ನಾನು.

ಅಪ್ಪ ಒಪ್ಪಿದ. ವೈಜಿನಾಥಪ್ಪನದು ದೊಡ್ಡ ಮನಸ್ಸು ಎಂದು ಗಂಜಿನವರೆಲ್ಲ ಹೊಗಳಿದರು. ಏನು ದೊಡ್ಡ ಮನಸ್ಸು, ಮಣ್ಣು! ಬಾವಿಯಿಂದ ನೀರು ಸೇದುವುದು, ಜೋಳ ಬೀಸುವುದು, ನಮ್ಮಜ್ಜಿಯ ಕಾಲೊತ್ತುವುದು ಎಲ್ಲ ಅಂದಿನಿಂದ ಸುಂದರಾಳ ಪಾಲಿಗೆ ಬಂತು. ಅದುವರೆಗೆ ಕೆಲಸಕ್ಕಿದ್ದ ಹೆಂಗಸನ್ನು ಅವ್ವ ವಾರದೊಳಗೆ ಬಿಡಿಸಿದಳು. ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ ಸುಂದರಾ ಬೀಸುವ ಕಲ್ಲಿನ ಮುಂದೆ ಕೂತು ಎರಡು ಸೇರು ಮುಗಿಸಿರುತ್ತಿದ್ದಳು. ಬೀಸುತ್ತ ಬೀಸುತ್ತ ಗೋದಾವರಿಯ ಉಪನದಿಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ನಮ್ಮ ಹೆಣ್ಣುಮಕ್ಕಳ ಶಾಲೆ ಹಳೆಯ ಜಹಗೀರದಾರರೊಬ್ಬರ ಹವೇಲಿಯಲ್ಲಿತ್ತು. ಎಂಟನೆಯ ಇಯತ್ತೆಗೆ ಬಂದವರು ಒಂದು ಕಡೆ ಆರಿಸಿಕೊಳ್ಳಬೇಕು. ಒಂದೋ ಹೊಲಿಗೆ, ಅಡುಗೆ. ಇಲ್ಲವೋ ಇತಿಹಾಸ, ಭೂಗೋಳ, ಪೌರನೀತಿ. ನಿಜಾಮರ ಕಾಲದಲ್ಲಿ ಇವೇ ತಾರೀಖ್, ಜುಗ್ರಾಫಿಯಾ, ಶಹರಿಯತ್ ಆಗಿದ್ದವು. ಹೆಸರು ಬದಲಾಯಿತು, ಗೋಡೆಯ ಮೇಲಿನ ಪಟ ಬದಲಾಯಿತು, ಕಲಿಸುವ ಭಾಷೆ ಉರ್ದುವಿನಿಂದ ಕನ್ನಡಕ್ಕೆ ಬಂತು. ಪುಸ್ತಕ ಮಾತ್ರ ಅದೇ. ನಿಜಾಮರನ್ನು ಹೊಗಳಿದ ಹಾಳೆಗಳಿಗೆ ಅಂಟು ಹಚ್ಚಿ ಒಂದಕ್ಕೊಂದು ಮೆತ್ತಿದ್ದರು, ಸಂಸ್ಥಾನ ಭಾರತಕ್ಕೆ ಸೇರಿದ್ದನ್ನು ಬರೆದ ಒಂದು ಹೊಸ ಉರ್ದು ಹಾಳೆಯನ್ನು ಕೊನೆಗೆ ಅಂಟಿಸಿದ್ದರು. ಹನ್ನೊಂದು ಹುಡುಗಿಯರು ಇತಿಹಾಸದ ಕಡೆ ಹೋದೆವು.

ಮೂರೂ ವಿಷಯಕ್ಕೆ ಒಬ್ಬಳೇ ಲಲಿತಾಬಾಯಿ. ಮೊನ್ನೆಯವರೆಗೆ ಆಕೆಯನ್ನು ‘ಉಸ್ತಾನಿ’ ಎನ್ನುತ್ತಿದ್ದೆವು, ಈಗ ‘ಬಾಯಿ’ ಅನ್ನಬೇಕೆಂದು ಹೇಳಿದರು. ಉರ್ದು ಪುಸ್ತಕ ಎಡಗೈಯಲ್ಲಿ ಹಿಡಿದು, ಕನ್ನಡದಲ್ಲಿ ನಮಗೆ ಬರೆಸುತ್ತಿದ್ದಳು. ಪುಸ್ತಕದ ಇಸವಿಗಳೆಲ್ಲ ಫಸಲಿ. ಫಸಲಿ ಎಂದರೆ ನಿಜಾಮರ ಸರಕಾರಿ ವರ್ಷ. ನಮ್ಮ ಹುಟ್ಟು, ಹೊಲದ ಪಹಣಿ, ಕಚೇರಿಯ ಕಾಗದ ಎಲ್ಲವೂ ಅದರಲ್ಲೇ ಇದ್ದವು. ಅದನ್ನು ಇಂಗ್ಲಿಷ್ ಇಸವಿಗೆ ತರಲು ಲಲಿತಾಬಾಯಿಯ ಬಳಿ ಒಂದೇ ಮಂತ್ರ.

“ಫಸಲಿಗಿ ಐನೂರ ತೊಂಬತ್ತು ಕೂಡಸ್ರಿ. ಕೂಡಸಿ ಬರೀರಿ. ಮುಗೀತು!”

ಮುಗಿಯಲಿಲ್ಲ ಎನ್ನುವುದು ಸುಂದರಾಳಿಗೆ ಮೊದಲು ಹೊಳೆಯಿತು. ಫಸಲಿ ವರ್ಷ ಅಕ್ಟೋಬರದಲ್ಲಿ, ಆಜೂರ್ ತಿಂಗಳಿಂದ ಶುರುವಾಗುತ್ತದೆ. ಡಿಸೆಂಬರದವರೆಗೆ ಐನೂರ ತೊಂಬತ್ತು ಕೂಡಿಸಿದರೆ ಸರಿ. ಜನವರಿ ದಾಟಿದರೆ ಐನೂರ ತೊಂಬತ್ತೊಂದು ಕೂಡಿಸಬೇಕು. ಹಿಂದೂಸ್ತಾನದ ಫೌಜು ಬಂದು ಹೈದರಾಬಾದ್ ಸಂಸ್ಥಾನ ಸೇರಿಹೋದದ್ದು ಫಸಲಿ ಸಾವಿರದ ಮುನ್ನೂರ ಐವತ್ತೇಳರ ಕೊನೆಯ ತಿಂಗಳು, ಆಬಾನದಲ್ಲಿ. ಅಂದರೆ ಸೆಪ್ಟೆಂಬರ ನಲವತ್ತೆಂಟು. ಬಾಯಿಯ ಮಂತ್ರ ಹಾಕಿದರೆ ನಲವತ್ತೇಳಾಗುತ್ತದೆ.

ಪಾಠದ ನಡುವೆ ಸುಂದರಾ ಎದ್ದು ನಿಂತಳು. “ಬಾಯಿ, ದೇಶಕ್ಕ ಸ್ವಾತಂತ್ರ್ಯ ಬಂದದ್ದು ನಲವತ್ತೇಳು ಅಂತ ನೀವೇ ಬರಸೀರಿ. ಅದಾದ ಮ್ಯಾಲ ನಾವು ಇನ್ನೂ ಒಂದು ವರ್ಸ ರಜಾಕಾರರಿಗಿ ಅಂಜಿ ತೊಗರಿ ಹೊಲದಾಗ ಮಲಗೇವಿ. ಎರಡೂ ನಲವತ್ತೇಳು ಹ್ಯಾಂಗ ಆಗ್ತದ್ರಿ?”

ಲಲಿತಾಬಾಯಿಯ ಮುಖ ಕೆಂಪಾಯಿತು. ಆಕೆಗೆ ಅರ್ಥವಾಗಿತ್ತು, ನಾನು ನೋಡಿದೆ. ಆದರೂ ಅಂದಳು: “ಪುಸ್ತಕದಾಗ ಮುನ್ನೂರ ಐವತ್ತೇಳು ಅದ. ಕೂಡಸು. ನಿಮ್ಮಪ್ಪ ಕುರಿ ಎಣಿಸಿದಂಗ ಅಲ್ಲ ಇತಿಹಾಸ. ಕೂಡು ಕೆಳಗ!”

ನಾವು ಹತ್ತೂ ಜನ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ಹಲ್ಲು ಉದುರಲಿ! ಎದುರು ಮನೆಯವರೆಗೆ ಕೇಳುವಂತೆ ನಕ್ಕಿದ್ದೆ. ಅಲ್ಲೇ ಬಾಗಿಲ ಬಳಿ ಕೂತಿದ್ದ ಶಾಲೆಯ ಆಯಾ ಅಕ್ತರಬೀ ಮಾತ್ರ ನಗಲಿಲ್ಲ. ಆಕೆಯ ಗಂಡ ಆ ಆಬಾನ ತಿಂಗಳಲ್ಲೇ ಹೊರಗೆ ಹೋದವನು ಮರಳಿ ಬಂದಿರಲಿಲ್ಲ. ಯಾವ ವರ್ಷವೆಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶಾಲೆಯೊಳಗಿನ ಪೂರ್ವಪರೀಕ್ಷೆಯಲ್ಲಿ ಸುಂದರಾ ೧೯೪೮ ಎಂದು ಬರೆದಳು. ಲಲಿತಾಬಾಯಿ ಕೆಂಪು ಶಾಯಿಯಿಂದ ಹೊಡೆದು ಹಾಕಿ, ೧೯೪೭ ಎಂದು ನೂರು ಸಲ ಬರೆಸಿದಳು. ಬರೆಯುವಾಗ ಸುಂದರಾ ಅಳಲಿಲ್ಲ. ಅಂದು ಮನೆಗೆ ಬರುವ ಹಾದಿಯಲ್ಲಿ ನನಗೆ ಹೇಳಿದಳು:

“ಹೀರಾ, ನನಗ ಈ ಪರೀಕ್ಷಾ ಪಾಸಾಗಬೇಕು, ಅಷ್ಟೇ. ಬಾಯಿ ನಲವತ್ತೇಳು ಅಂದ್ರ ನಲವತ್ತೇಳು. ಹಟ ಮಾಡಿ ನಾ ಏನು ಗಳಸ್ಲಿ?”

ಆಕೆ ಹಾಗನ್ನುವುದಕ್ಕೆ ಕಾರಣವಿತ್ತು. ಔರಾದಿನಲ್ಲಿ ಹೆಣ್ಣುಮಕ್ಕಳಿಗೆ ಹೊಸ ಶಾಲೆ ತೆರೆಯುವವರಿದ್ದರು. ಅದಕ್ಕಾಗಿ ನಮ್ಮ ಶಾಲೆಯಿಂದ ಒಬ್ಬಳನ್ನು ಸರಕಾರದ ಖರ್ಚಿನಲ್ಲಿ ಶಿಕ್ಷಕಿಯ ಟ್ರೇನಿಂಗಿಗೆ ಕಳಿಸುತ್ತಾರೆ, ಮೆಟ್ರಿಕ್‌ನ ಈ ಮೂರು ವಿಷಯದಲ್ಲಿ ಯಾರು ಮೇಲೋ ಅವರನ್ನು. ಸುಂದರಾ ಮೊದಲನೆಯವಳು, ನಾನು ಎರಡನೆಯವಳು. ನಮ್ಮಿಬ್ಬರ ನಡುವೆ ಮೂವತ್ತು ಅಂಕಗಳ ಅಂತರವಿರುತ್ತಿತ್ತು. ಅವರಪ್ಪ ಧೊಂಡಿಬಾ ಖಡಾಖಂಡಿತವಾಗಿ ಹೇಳಿದ್ದ, ಪಾಸಾದರೆ ಟ್ರೇನಿಂಗು, ಫೇಲಾದರೆ ಅದೇ ತಿಂಗಳು ಲಗ್ನ. ಔರಾದ ಕಡೆಯ ಗಂಡು ಆಗಲೇ ಗೊತ್ತಾಗಿತ್ತು. ಮೊದಲ ಹೆಂಡತಿ ಸತ್ತವನು, ಈಕೆಗಿಂತ ಹದಿನಾಲ್ಕು ವರ್ಷ ದೊಡ್ಡವನು.

ಐವತ್ತೆರಡರಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂತೆವು. ಬಂತು ನೋಡಿ ಪ್ರಶ್ನೆ, ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ ಇಸವಿ ಯಾವುದು ಎಂದು. ಬೇರೆ ಇಸವಿಗಳನ್ನೂ ಕೇಳಿದ್ದರು. ನಾವೆಲ್ಲ ಬಾಯಿ ಹೇಳಿದ ಹಾಗೆ ಕೂಡಿಸಿ ಕೂಡಿಸಿ ಬರೆದು ಬಂದೆವು.

ಫಲಿತಾಂಶ ಬರುವ ಹೊತ್ತಿಗೆ ಇಡೀ ಜಿಲ್ಲೆಯದು ಬಂತು, ನಮ್ಮ ಹನ್ನೊಂದು ಜನರ ಇತಿಹಾಸ ಮಾತ್ರ ತಡೆದಿಟ್ಟರು. ಹನ್ನೊಂದು ಉತ್ತರಪತ್ರಿಕೆಯಲ್ಲೂ ಆರು ಇಸವಿ ತಪ್ಪು, ಎಲ್ಲರದೂ ಅವೇ ಆರು, ಎಲ್ಲರದೂ ಒಂದೊಂದೇ ವರ್ಷ ಕಡಿಮೆ. ಕಾಪಿ ಹೊಡೆದಿದ್ದಾರೆ ಎಂದು ಪರೀಕ್ಷೆಯವರು ತೀರ್ಮಾನಿಸಿ, ವಿಚಾರಣೆಗೆ ಒಬ್ಬ ಸಾಹೇಬರನ್ನು ಕಳಿಸಿದರು. ಅವರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಸಾಹೇಬರ ಊಟ ನಮ್ಮ ಮನೆಯಲ್ಲಿ. ಅಪ್ಪ ಕರೆದಿದ್ದ. ಹೋಳಿಗೆಗೆ ಹೂರಣ ಅರೆದದ್ದು ಸುಂದರಾ. ಸಾಹೇಬರು ಐದು ಹೋಳಿಗೆ ತಿಂದು, ತುಪ್ಪ ಸುರಿಸಿಕೊಂಡು, “ಹೂರಣ ತುಂಬ ನುಣ್ಣಗಿದೆ” ಎಂದರು. ಅವರು ಕೈ ತೊಳೆಯಲು ಎದ್ದಾಗ ತಂಬಿಗೆ ಹಿಡಿದು ನಿಂತವಳೂ ಆಕೆಯೇ. ಈಗಲೂ ನನಗೆ ಹೋಳಿಗೆ ಬಾಯಿಗೆ ಸೇರುವುದಿಲ್ಲ. ಮಕ್ಕಳು ಸಕ್ಕರೆ ಕಾಯಿಲೆ ಎಂದುಕೊಂಡಿದ್ದಾರೆ.

ಸಾಹೇಬರು ಹೋದ ಮೇಲೆ ಲಲಿತಾಬಾಯಿ ಹಿತ್ತಲ ಬಾಗಿಲಿಂದ ಬಂದಳು. ಸುಂದರಾ ಬಾವಿಗೆ ಹೋಗಿದ್ದ ಹೊತ್ತು. ಬಾಯಿ ಅವ್ವನ ಮುಂದೆ ಸೆರಗೊಡ್ಡಿ ಅತ್ತಳು. ಹೊಸ ಸರಕಾರ ಹಳೆಯ ಉಸ್ತಾನಿಯರನ್ನು ತೆಗೆಯಲು ನೆಪ ಹುಡುಕುತ್ತಿದೆ, ತಪ್ಪು ಕಲಿಸಿದೆನೆಂದು ಗೊತ್ತಾದರೆ ನನ್ನ ಅನ್ನ ಹೋಯಿತು ಎಂದಳು. ಅದು ಸುಳ್ಳಲ್ಲ. ಮೂರು ಮಕ್ಕಳಿದ್ದ ವಿಧವೆ ಆಕೆ. ನನಗೆ ಆಗ ಆಕೆಯ ಮೇಲೆ ಅಯ್ಯೋ ಅನಿಸಿತ್ತು. ಈಗ ಅದೂ ಅನಿಸುವುದಿಲ್ಲ.

ಅಪ್ಪ ಎಲ್ಲ ಕೇಳಿ ನನ್ನ ಇತಿಹಾಸದ ನೋಟುಬುಕ್ಕು ತರಿಸಿದ. ಅದರ ಹಾಳೆ ಹಾಳೆಯಲ್ಲಿ ನನ್ನ ಕೈಯಿಂದಲೇ ಬರೆದದ್ದಿತ್ತು: ೧೩೫೭ಕ್ಕೆ ೫೯೦ ಕೂಡಿಸಿದರೆ ೧೯೪೭. ಕೆಳಗೆ ಲಲಿತಾಬಾಯಿಯ ಸಹಿ. ಸುಂದರಾಳದೂ ಸೇರಿ ಉಳಿದವರ ನೋಟುಬುಕ್ಕುಗಳನ್ನು ಬಾಯಿ ಆಗಲೇ ತರಿಸಿಕೊಂಡಿದ್ದಳು. ಆ ನೋಟುಬುಕ್ಕೊಂದನ್ನು ಸಾಹೇಬರ ಮುಂದೆ ಇಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಅದನ್ನು ಬಚ್ಚಲ ಒಲೆಗೆ ಹಾಕಿದ.

“ನಾಳಿ ಕೇಳಿದ್ರ ನೆನಪಿಲ್ಲ ಅನ್ನು” ಎಂದ.

“ಅಪ್ಪಾ, ಸುಂದರಾ ಹೇಳ್ತಾಳಲ್ಲ?”

“ಹೇಳ್ಲಿ. ಯಾರು ಕೇಳ್ತಾರ? ಒಂದೇ ಸೀಟು ಅದ, ಗೊತ್ತದಿಲ್ಲೋ ನಿನಗ? ಆಕಿ ಹ್ವಾದ್ರ ಮುಂದ ಯಾರು ಇದ್ದಾರ, ನೀನ ಲೆಕ್ಕ ಹಾಕು.”

ಲೆಕ್ಕ ಹಾಕಿದೆ. ಹಾಕಬಾರದಿತ್ತು ಎಂದು ಈಗ ಬರೆಯುವುದು ಸುಲಭ. ಅಂದು ಒಲೆಯಲ್ಲಿ ನೋಟುಬುಕ್ಕು ಉರಿಯುತ್ತಿದ್ದರೆ ನಾನು ಟ್ರೇನಿಂಗಿಗೆ ಯಾವ ಸೀರೆ ಒಯ್ಯಬೇಕೆಂದು ಯೋಚಿಸುತ್ತಿದ್ದೆ. ಛೀ! ಸುಂದರಾ ನೀರು ತಂದು ಅದೇ ಒಲೆಯ ಮೇಲಿನ ಹಂಡೆಗೆ ಸುರಿದಳು.

ಮರುದಿನ ದೊಡ್ಡ ಬಾಯಿಯ, ಅಂದರೆ ಮುಖ್ಯೋಪಾಧ್ಯಾಯಿನಿಯ, ಕೋಣೆಯಲ್ಲಿ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದರು. ಲಲಿತಾಬಾಯಿ ಕಿಟಕಿಯ ಬಳಿ ನಿಂತಿದ್ದಳು. ಸಾಹೇಬರು ಪತ್ರಿಕೆಗಳ ಕಟ್ಟು ಬಿಚ್ಚಿ ಒಂದೊಂದನ್ನೇ ತಿರುವಿದರು. ಒಂದರ ಮೇಲೆ ಅವರ ಬೆರಳು ನಿಂತಿತು.

“ಸುಂದರಬಾಯಿ ಯಾರಮ್ಮಾ? ಇಲ್ಲಿ ನೋಡು. ಮೊದಲು ನಲವತ್ತೆಂಟು ಅಂತ ಬರೆದಿದ್ದೀಯ. ಸರಿಯಾದ ಉತ್ತರ. ಆಮೇಲೆ ಅದನ್ನು ಹೊಡೆದು ನಲವತ್ತೇಳು ಅಂತ ಬರೆದಿದ್ದೀಯ. ಸರಿ ಗೊತ್ತಿದ್ದವಳು ತಪ್ಪು ಬರೀಬೇಕಾದರೆ ಯಾರದನ್ನೋ ನೋಡಿ ತಾನೇ ಬರೆದದ್ದು?”

ಪರೀಕ್ಷೆಯಲ್ಲಿ ಆಕೆಯ ಕೈ ನಿಜವನ್ನೇ ಬರೆದಿತ್ತು. ಆಮೇಲೆ ಬಾಯಿಯ ಕೆಂಪು ಶಾಯಿ ನೆನಪಾಗಿ ಹೊಡೆದು ಹಾಕಿದ್ದಳು. ಕಾಪಿ ಹೊಡೆದದ್ದಕ್ಕೆ ಅದೇ ಸಾಕ್ಷಿಯಾಯಿತು. ಹನ್ನೊಂದು ಜನರಲ್ಲಿ ಸರಿಯಾದ ಉತ್ತರ ಗೊತ್ತಿದ್ದವಳು ಆಕೆಯೊಬ್ಬಳೇ, ಸಿಕ್ಕಿಬಿದ್ದವಳೂ ಆಕೆಯೊಬ್ಬಳೇ.

ಸುಂದರಾ ತಲೆ ಎತ್ತಿ ಹೇಳಿದಳು: “ಯಾರದೂ ನೋಡಿಲ್ರಿ. ಬಾಯಿ ನಲವತ್ತೇಳು ಅಂತ ಕಲಿಸ್ಯಾರ. ಅದಕ್ಕ ಬರ್ದೀನಿ.”

ಸಾಹೇಬರು ಲಲಿತಾಬಾಯಿಯ ಕಡೆ ತಿರುಗಿದರು. ಬಾಯಿ ಸೆರಗು ಸರಿ ಮಾಡಿಕೊಂಡಳು.

“ನಾ ನಲವತ್ತೆಂಟು ಅಂತನ ಕಲಿಸೇನ್ರಿ. ಯಾರಾದರೂ ನಲವತ್ತೇಳು ಅಂತ ಕಲಿಸ್ತಾರೇನ್ರಿ? ಈ ಹುಡುಗಿ ಮೊದಲಿಂದ ಎದುರುತ್ತರ ಕೊಡಾಕಿ.”

ಆಗ ಬಾಗಿಲ ಬಳಿಯಿಂದ ಅಕ್ತರಬೀ ಬಾಯಿ ಬಿಟ್ಟಳು. “ಸಾಬ್, ಛೋಕ್ರಿ ಖರೇ ಹೇಳ್ಲತ್ತದ. ಫಸಲಿಗಿ ಐನೂರ ತೊಂಬತ್ತು ಕೂಡಸ್ರಿ ಅಂತ ಬಾಯಿ ದಿನಾ ಒದರ್ತಿದ್ರು. ನಾ ಇಲ್ಲೇ ಕೂತು ಕೇಳೇನಿ.”

“ಫಸಲಿಗೆ?” ಸಾಹೇಬರು ಹುಬ್ಬು ಗಂಟಿಕ್ಕಿದರು. “ಫಸಲು ಅಂದರೆ ಬೆಳೆ. ಇತಿಹಾಸದ ಪಾಠದಲ್ಲಿ ಬೆಳೆ ಎಲ್ಲಿಂದ ಬಂತು? ಈ ಹೆಂಗಸನ್ನು ಹೊರಗೆ ಕಳಿಸಿ.”

ದೊಡ್ಡ ಬಾಯಿಗೆ ಫಸಲಿ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಆಕೆಯ ಸ್ವಂತ ನೌಕರಿಯ ಕಾಗದವೇ ಫಸಲಿಯಲ್ಲಿತ್ತು. ಸುಮ್ಮನೆ ಕೂತಳು. ಲಲಿತಾಬಾಯಿ ಸುಮ್ಮನೆ ನಿಂತಳು. ನಾವು ಹತ್ತು ಜನ ನೆಲ ನೋಡಿದೆವು. ಐದು ವರ್ಷದ ಹಿಂದೆ ಇಡೀ ಊರಿನ ಹುಟ್ಟು ಸಾವು ಬರೆಯುತ್ತಿದ್ದ ಇಸವಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರದ ಮಾತಾಯಿತು. ಗೊತ್ತು ಎಂದವಳನ್ನು ತೋಳು ಹಿಡಿದು ಹೊರಗೆ ಹಾಕಿದರು. ಮುಸಲ್ಮಾನರು ತಲೆ ತಗ್ಗಿಸಿ ಬದುಕುತ್ತಿದ್ದ ಕಾಲ ಅದು. ಅಕ್ತರಬೀಗೆ ಬಾಯಿ ಬಿಡುವುದೆಂದರೆ ನಮಗಿಂತ ನೂರು ಪಟ್ಟು ಕಷ್ಟವಿತ್ತು. ಆಕೆ ಬಿಟ್ಟಳು.

ಸಾಹೇಬರು ಸಾಲಿನ ಮೊದಲಿಗಿದ್ದ ನನ್ನನ್ನು ಕೇಳಿದರು. “ನೀನು ವೈಜಿನಾಥಪ್ಪನವರ ಮಗಳಲ್ಲವೇನಮ್ಮಾ? ನೀನು ಹೇಳು. ನಿಮ್ಮ ಬಾಯಿ ಏನು ಕಲಿಸಿದ್ದರು?”

ಸುಂದರಾ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ಹಾಗೆ ನೋಡಲಿಲ್ಲ. ನಾನು ಹೇಳಿಯೇ ಹೇಳುತ್ತೇನೆಂದು ಆಕೆಗೆ ನಂಬಿಕೆಯಿತ್ತು. ಮೂರು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ್ದೆವು.

“ನೆನಪಿಲ್ರಿ” ಎಂದೆ.

ನನ್ನ ಹಿಂದಿನ ಒಂಬತ್ತು ಜನರಿಗೂ ನೆನಪಿರಲಿಲ್ಲ.

ಉಳಿದವರ ಮೇಲೆ ಸಾಕ್ಷಿಯಿಲ್ಲವೆಂದು ನಮ್ಮ ಹತ್ತು ಜನಕ್ಕೆ ತಪ್ಪಾದ ಇಸವಿಯ ಅಂಕ ಕಳೆದು ಬಿಟ್ಟುಬಿಟ್ಟರು. ಸುಂದರಾಳ ಇಡೀ ಪರೀಕ್ಷೆ ರದ್ದಾಯಿತು, ಮೇಲೆ ಎರಡು ವರ್ಷ ಕೂರುವ ಹಾಗಿಲ್ಲ. ಧೊಂಡಿಬಾ ಬಂಡಿ ಕಟ್ಟಿಕೊಂಡು ಬಂದ. ನಮ್ಮಪ್ಪನ ಕಾಲು ಮುಟ್ಟಿ, “ಸಾವಕಾರ್ರ, ಮೂರು ವರ್ಸ ಅನ್ನ ಹಾಕೀರಿ. ಹುಡುಗಿ ನಿಮ್ಮ ಹೆಸರು ಕೆಡಸಿತು, ಮಾಫ್ ಮಾಡ್ರಿ” ಎಂದ. ನಮ್ಮಪ್ಪ ಮಾಫ್ ಮಾಡಿದ! “ಇರ್ಲಿ ಬಿಡು ಧೊಂಡಿಬಾ, ಹುಡುಗ ಬುದ್ಧಿ” ಎಂದು ಅವನ ಬೆನ್ನು ತಟ್ಟಿದ. ಅವ್ವ ಸುಂದರಾಳಿಗೆ ಕುಪ್ಪಸದ ಕಣ ಕೊಟ್ಟು ಉಡಿ ತುಂಬಿದಳು. ನಾನು ಅಟ್ಟದ ಮೇಲೆ ಹತ್ತಿ ಕೂತುಬಿಟ್ಟೆ, ಬಂಡಿ ಹೋಗುವವರೆಗೆ ಇಳಿಯಲಿಲ್ಲ.

ಅದೇ ತಿಂಗಳು ಆಕೆಯ ಲಗ್ನವಾಯಿತು. ಮುಂದಿನದು ಅವರಿವರಿಂದ ಕೇಳಿದ್ದು. ಗಂಡ ಕೆಟ್ಟವನೇನಲ್ಲವಂತೆ, ಆದರೆ ಮನೆಯಲ್ಲಿ ಒಂದು ಹಾಳೆ ಕಾಗದ ಕಂಡರೂ ಅತ್ತೆ ಹರಿದು ಒಲೆಗೆ ಹಾಕುತ್ತಿದ್ದಳಂತೆ. ಮೊದಲ ಎರಡು ಕೂಸು ಉಳಿಯಲಿಲ್ಲ. ಕುರಿ ಹಿಂದೆ ಮಾಂಜ್ರಾ ದಂಡೆಯವರೆಗೆ ತಿರುಗುತ್ತಿದ್ದಳು. ಊರಿನ ಹೆಂಗಸರ ಕಾಗದ ಓದಿ ಹೇಳುತ್ತಿದ್ದಳು. ತಹಸೀಲಿನಲ್ಲಿ ಯಾರದಾದರೂ ಪಹಣಿಯ ಫಸಲಿ ಇಸವಿ ತಿಳಿಯದೆ ಹೋದರೆ ಆಕೆಯ ಬಳಿ ಒಯ್ಯುತ್ತಿದ್ದರಂತೆ. ತಿಂಗಳು ಕೇಳಿ, ಸರಿಯಾಗಿ ಹೇಳಿ ಕಳಿಸುತ್ತಿದ್ದಳು.

ಲಲಿತಾಬಾಯಿ ಪೂರ್ತಿ ಪಿಂಚಣಿ ತೆಗೆದುಕೊಂಡು ಸತ್ತಳು. ಶಾಲೆಯಲ್ಲಿ ಆಕೆಯ ಫೋಟೋ ಹಾಕಿದ್ದಾರೆ. ಅಕ್ತರಬೀಯನ್ನು ಆ ವರ್ಷವೇ ತೆಗೆದು ಹಾಕಿದರು. ಆಮೇಲೆ ಆಕೆ ಎಲ್ಲಿ ಹೋದಳೆಂದು ನಾನು ವಿಚಾರಿಸಲಿಲ್ಲ.

ಟ್ರೇನಿಂಗಿನ ಸೀಟು ನನಗೆ ಬಂತು. ಔರಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದೆ. ಪೌರನೀತಿಯನ್ನೂ ಕಲಿಸಿದೆ. ‘ಸತ್ಯ ನುಡಿಯುವುದು ನಾಗರಿಕನ ಕರ್ತವ್ಯ’ ಎಂದು ಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣ ಕೂಡ ಮುರಿಯಲಿಲ್ಲ. ಮನುಷ್ಯರು ಎಷ್ಟು ಲಜ್ಜೆಗೆಟ್ಟವರೆಂದು ತಿಳಿಯಲು ನನಗೆ ಬೇರೆ ಯಾರನ್ನೂ ನೋಡಬೇಕಾಗಿಲ್ಲ.

ಇಸವಿ ೧೯೭೦ರ ಸುಮಾರಿಗೆ, ಜೂನ್ ತಿಂಗಳಲ್ಲಿ, ಎಂಟನೆಯ ಇಯತ್ತೆಗೆ ಹೆಸರು ಹಚ್ಚಿಕೊಳ್ಳುತ್ತಿದ್ದೆ. ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಂದು ಮೇಜಿನ ಮುಂದೆ ನಿಂತಳು. ಕಾಲಿಗೆ ಚಪ್ಪಲಿ ಇರಲಿಲ್ಲ, ತಲೆಯ ತುಂಬ ಸೆರಗು. ಮಾರ್ಕಿನ ಪಟ್ಟಿ ನೋಡಿದೆ, ಹುಡುಗಿ ತಾಲೂಕಿಗೇ ಮೊದಲು. ತಾಯಿಯ ಹೆಸರು ಓದಿ ತಲೆ ಎತ್ತಿದೆ.

“ಸುಂದರಾ!” ಎಂದು ಎದ್ದು ನಿಂತೆ.

“ಕೂಡ್ರಿ ಬಾಯಾರ” ಎಂದಳು ಸುಂದರಾ. ಒಂದೇ ಚಾಪೆಯವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದಳು.

ನಾನು ಹುಡುಗಿಯ ಕಡೆ ತಿರುಗಿದೆ. “ಯಾವ ವಿಷಯ ತಗೋತಿ ಕೂಸ?” ಎಂದು ಕೇಳಿದೆ. “ಇತಿಹಾಸರಿ” ಎಂದಿತು ಹುಡುಗಿ, ಕೇಳಿ ಮುಗಿಸುವುದರೊಳಗೆ.

“ಇಲ್ರಿ” ಎಂದಳು ಸುಂದರಾ. “ಹೊಲಿಗಿ ಬರೀರಿ.”

ಹುಡುಗಿ ತಾಯಿಯ ಸೆರಗು ಜಗ್ಗಿತು. ಸುಂದರಾ ಅಲುಗಲಿಲ್ಲ.

“ಸುಂದರಾ, ಹಂಗ್ಯಾಕ ಮಾಡ್ತಿ?” ಎಂದೆ. “ಇಷ್ಟು ಶಾಣ್ಯಾ ಹುಡುಗಿ. ಇತಿಹಾಸಕ್ಕ ಹಾಕು. ನಾನ ಕಲಸ್ತೇನಿ.”

ಆಕೆ ಮೊದಲ ಸಲ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಬೆಳಗಿನ ಬಾವಿಯಲ್ಲಿ ಹಾವು ತೇಲಿದ್ದನ್ನು ಕಂಡರೆ ಕೊಡ ಹಿಂದಕ್ಕೆ ತೆಗೆದುಕೊಳ್ಳುತ್ತೇವಲ್ಲ, ಹಾಗೆ ನೋಡಿದಳು.

“ನೀವು ಕಲಸ್ತೀರಿ ಅಂತನ ಬ್ಯಾಡ ಅಂತೇನ್ರಿ.”

ನಾನು ‘ಹೊಲಿಗೆ’ ಎಂದು ಬರೆದೆ. ಹುಡುಗಿ ಅಳತೊಡಗಿತು.